ಎಕಾರ್ಸ್ ಲೋಡ್‌ಶೀಟ್: ವೇಗಕ್ಕೆ ಪೂರ್ಣ ಅಂಕ, ನಂಬಿಕೆಗೆ ಸ್ವಲ್ಪ ಕಡಿಮೆ

ಗ್ರೌಂಡ್ ಸಿಬ್ಬಂದಿ ಕಾಗದ ಹಿಡಿದು ಮೆಟ್ಟಿಲು ಹತ್ತಿ ಬರುವ ಹಳೆಯ ಪದ್ಧತಿಗಿಂತ, ಎಕಾರ್ಸ್ (ವಿಮಾನ ಮತ್ತು ನೆಲದ ನಡುವಿನ ಡಿಜಿಟಲ್ ಸಂದೇಶ ವ್ಯವಸ್ಥೆ) ಮೂಲಕ ನೇರ ಕಾಕ್‌ಪಿಟ್‌ಗೆ ಬರುವ ಲೋಡ್‌ಶೀಟ್, ಅಂದರೆ ವಿಮಾನದ ತೂಕ ಮತ್ತು ಪ್ರಯಾಣಿಕರ ಲೆಕ್ಕದ ಪಟ್ಟಿ, ಖಂಡಿತ ಮೇಲು. ಲೋಡ್ ಕಂಟ್ರೋಲರ್ ಲೆಕ್ಕ ಅಂತಿಮಗೊಳಿಸಿ ಕಳಿಸಿದರೆ ಸಾಕು, ಕಾಕ್‌ಪಿಟ್‌ನ ಪುಟ್ಟ ಪ್ರಿಂಟರ್ ಚೀಟಿ ಉಗುಳುತ್ತದೆ. ಕಾಗದದ ರೋಲ್ ಮುಗಿದಿದ್ದರೆ ಪರದೆಯಲ್ಲೇ ಓದಿಕೊಳ್ಳಬೇಕು, ಅದೊಂದು ಕಿರಿಕಿರಿ.

ಪ್ರಯಾಣಿಕರ ಬಗ್ಗೆ ಲೋಡ್‌ಶೀಟ್‌ನಲ್ಲಿ ಇರುವುದು ಒಂದೇ ಸಾಲು: ವಯಸ್ಕರು, ಮಕ್ಕಳು, ಕೂಸುಗಳು, ಒಟ್ಟು. ಆದರೆ ಮೊದಲು ನೋಡಬೇಕಾದದ್ದು ವಿಮಾನದ ನೋಂದಣಿ ಮತ್ತು ಲೋಡ್‌ಶೀಟ್‌ನ ಆವೃತ್ತಿ ಸಂಖ್ಯೆ. ಎರಡನೇ ಆವೃತ್ತಿ ಬಂದ ಮೇಲೂ ಮೊದಲನೆಯದರ ತೂಕವನ್ನೇ ಕಂಪ್ಯೂಟರಿಗೆ ತುಂಬಿದರೆ ಟೇಕಾಫ್ ವೇಗದ ಲೆಕ್ಕವೇ ಕೆಡುತ್ತದೆ. ಒಟ್ಟು ಸಂಖ್ಯೆಯನ್ನು ಕ್ಯಾಬಿನ್ ಸಿಬ್ಬಂದಿಯ ತಲೆ ಎಣಿಕೆಯೊಂದಿಗೆ ತಾಳೆ ನೋಡಬೇಕು. ಒಂದೆರಡು ಹೆಚ್ಚುಕಡಿಮೆಯಾದರೆ ಮಡಿಲ ಕೂಸನ್ನೋ ಶೌಚಾಲಯದಲ್ಲಿದ್ದವರನ್ನೋ ಮೊದಲು ಅನುಮಾನಿಸಿ.

ಎಣಿಕೆ ಸರಿಯಿದ್ದೂ ತೂಕ ತಪ್ಪಬಹುದು. ಈ ಸೇವೆಯ ನಿಜವಾದ ಕೊರತೆ ಇದೇ. 2020ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಪಾಲ್ಮಾಗೆ ಹೊರಟ ಬೋಯಿಂಗ್ 737ರಲ್ಲಿ ‘ಮಿಸ್’ ಎಂದು ನಮೂದಾಗಿದ್ದ 38 ಮಹಿಳೆಯರನ್ನು ತಂತ್ರಾಂಶ ಮಕ್ಕಳ ಪಟ್ಟಿಗೆ ಸೇರಿಸಿತು. ಮಹಿಳೆಗೆ 69 ಕಿಲೊ ಹಿಡಿಯಬೇಕಾದಲ್ಲಿ ಮಗುವಿನ 35 ಕಿಲೊ ಹಿಡಿದು, ಲೋಡ್‌ಶೀಟ್ ನಿಜ ತೂಕಕ್ಕಿಂತ 1,244 ಕಿಲೊ ಕಡಿಮೆ ತೋರಿಸಿತು. ಪ್ರಿಂಟರ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ. ಫ್ಲೈಟ್ ಪ್ಲಾನ್‌ನ ಅಂದಾಜು ತೂಕವನ್ನು ಪಕ್ಕದಲ್ಲಿಟ್ಟು ಓದಿ. ಮಕ್ಕಳ ಸಂಖ್ಯೆ ವಿಪರೀತ ಅನ್ನಿಸಿದರೆ ಬಾಗಿಲು ಮುಚ್ಚುವ ಮುನ್ನ ಲೋಡ್ ಕಂಟ್ರೋಲ್‌ಗೆ ಕರೆ ಮಾಡಿ.