ಮನೆಯಲ್ಲೇ ಮಾಡಿದ ಸ್ಯಾಡಲ್ ಪ್ಲಾಟ್‌ಫಾರ್ಮ್: ಮೂರು ಸೀಸನ್ ನಿಂತ ಮೇಲೆ

ಮಿಶಿಗನ್‌ನಲ್ಲಿ ಜಿಂಕೆಯ ಬಿಲ್ಲುಬೇಟೆ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. 2022ರಲ್ಲಿ ಆ ಮೊದಲ ವಾರವೇ ನನ್ನ ಪ್ಲಾಟ್‌ಫಾರ್ಮ್ ಕಾಲಡಿಯಿಂದ ಜಾರಿತು. ಸ್ಯಾಡಲ್ ಅಂದರೆ ಹಗ್ಗದಿಂದ ಮರಕ್ಕೆ ನೇತುಹಾಕಿಕೊಂಡು ಕೂರುವ ಜೋಲಿಯಂಥ ಸೀಟು, ಪ್ಲಾಟ್‌ಫಾರ್ಮ್ ಅಂದರೆ ಆಗ ಕಾಲಿಡಲು ಮರಕ್ಕೆ ಕಟ್ಟುವ ಸಣ್ಣ ಹಲಗೆ. ನೆಲದಿಂದ 18 ಅಡಿ ಮೇಲಿದ್ದೆ. ಜಿಂಕೆ ಬಲಗಡೆ ಹಿಂದಿನಿಂದ ಬಂತು. ತಿರುಗಲೆಂದು ಬಲಗಾಲನ್ನು ಹಲಗೆಯ ಅಂಚಿಗೆ ಇಟ್ಟೆ. ಹಲಗೆ ಒಂದು ಪಕ್ಕಕ್ಕೆ ಮಗುಚಿತು. ನಾನು ಸ್ಯಾಡಲ್ಲನ್ನು ಮರಕ್ಕೆ ಕಟ್ಟುವ ಟೆದರ್ ಹಗ್ಗದಲ್ಲಿ ನೇತಾಡಿದೆ, ಮೊಣಕಾಲು ತೊಗಟೆಗೆ ಉಜ್ಜಿ ಕಿತ್ತುಹೋಯಿತು. ಅಷ್ಟರಲ್ಲೇ ಮುಗಿಯಿತು, ಯಾಕೆಂದರೆ ಟೆದರ್ ಬಿಗಿಯಾಗಿತ್ತು.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಪ್ಲಾಟ್‌ಫಾರ್ಮ್ ಇರುವುದು ಕಾಲಿಡಲು ಮಾತ್ರ. ಜೀವ ಕಾಯುವುದು ಹಗ್ಗ. ನೆಲ ಬಿಟ್ಟ ಕ್ಷಣದಿಂದ ಲೈನ್‌ಮನ್ ಬೆಲ್ಟ್ (ಹತ್ತುವಾಗ ಮರವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸುವ ಹಗ್ಗ), ಮೇಲೆ ಹೋದ ಮೇಲೆ ಟೆದರ್. ಇವೆರಡೂ ಪರೀಕ್ಷೆಯಾದ, ಅಂಗಡಿಯಲ್ಲಿ ಕೊಂಡ ಮಾಲೇ ಆಗಿರಲಿ. ಅಲ್ಲಿ ದುಡ್ಡು ಉಳಿಸಬೇಡಿ.

ಹಾಗಾದರೆ ಪ್ಲಾಟ್‌ಫಾರ್ಮ್ ಯಾಕೆ ನಾನೇ ಮಾಡಿದೆ? ಆ ವರ್ಷ ಸ್ಯಾಡಲ್, ಹಗ್ಗ, ಹತ್ತಲು ಸ್ಟಿಕ್‌ಗಳು (ಮರಕ್ಕೆ ಕಟ್ಟುವ ಬಿಡಿ ಮೆಟ್ಟಿಲುಗಳು) ಎಲ್ಲ ಸೇರಿ ಕೈ ಖಾಲಿಯಾಗಿತ್ತು. ಇನ್ನೂ 200 ಡಾಲರ್ ಕೊಡುವ ಹಾಗಿರಲಿಲ್ಲ. ಗ್ಯಾರೇಜಿನಲ್ಲಿ ಡ್ರಿಲ್ ಇತ್ತು, ಗರಗಸ ಇತ್ತು. ಸುಮಾರು 70 ಡಾಲರ್ ಸಾಮಾನಿನಲ್ಲಿ ಕೆಲಸ ಆಯಿತು. ಮೊದಲು ಪ್ಲೈವುಡ್‌ನಲ್ಲಿ ಒಂದು ಮಾಡಿದ್ದೆ. ಮಳೆಗೆ ಅಂಚು ಉಬ್ಬಿ ಪದರ ಬಿಟ್ಟಿತು, ಮರಕ್ಕೆ ಕಟ್ಟುವ ಮೊದಲೇ ಎಸೆದೆ. ಈಗಿರುವುದು 6061 ಎಂಬ ಬಗೆಯ ಅಲ್ಯೂಮಿನಿಯಂ ಮಿಶ್ರಲೋಹ. ಹಲಗೆ 12 ಇಂಚು ಅಗಲ, 14 ಇಂಚು ಉದ್ದ. ಅಡಿಯಲ್ಲಿ ಎರಡು ಆಂಗಲ್ ಪಟ್ಟಿ, ಹಿಂದೆ ಕೆಳಮುಖವಾಗಿ 9 ಇಂಚಿನ ಚೌಕ ಪೈಪ್. ಎಲ್ಲ ಬೋಲ್ಟ್ ಹಾಕಿದ್ದು. ಬೆಸುಗೆ ಹಾಕಿದರೆ ಈ ಅಲ್ಯೂಮಿನಿಯಂ ಆ ಜಾಗದಲ್ಲಿ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ಬೆಸುಗೆ ಬೇಡ ಅಂದುಕೊಂಡೆ.

ಈಗ ಆ ಜಾರಿದ ಕಥೆಗೆ ಬರುತ್ತೇನೆ. ಗಟ್ಟಿ ಹಲಗೆ ಮಾಡಿದರೆ ಸಾಕು ಅಂತ ನಾನು ನಂಬಿದ್ದೆ. ತಪ್ಪು. ಹಲಗೆಯ ಮುಂಭಾಗದಲ್ಲಿ ನಿಂತಾಗ ಮರಕ್ಕೆ ಸುತ್ತಿ ಬಿಗಿದ ಮೇಲಿನ ಬಟ್ಟೆಪಟ್ಟಿ ಎಳೆತ ತಡೆಯುತ್ತದೆ, ಪೈಪಿನ ಕೆಳತುದಿ ಮರಕ್ಕೆ ಒತ್ತಿಕೊಳ್ಳುತ್ತದೆ. ನೇರ ನಿಂತರೆ ಗಟ್ಟಿ. ಆದರೆ ಭಾರ ಪಕ್ಕದ ಅಂಚಿಗೆ ಹೋದರೆ ಹಲಗೆ ಹೊರಳಲು ನೋಡುತ್ತದೆ. ಅದನ್ನು ತಡೆಯುವುದು ಮರ ಮುಟ್ಟುವ ಎರಡು ಬಿಂದುಗಳ ನಡುವಿನ ಅಗಲ. ಮರಕ್ಕೆ ಆನುವ ನನ್ನ ಬ್ರಾಕೆಟ್ ಬರೀ 4 ಇಂಚಿತ್ತು. ಬಲಗೈಯಲ್ಲಿ ಬಿಲ್ಲೆಳೆಯುವವರಿಗೆ ಬಲಪಕ್ಕವೇ ಕಷ್ಟದ ಪಕ್ಕ, ಜಿಂಕೆ ಆ ಕಡೆ ಬಂದರೆ ಕಾಲು ಅಂಚಿಗೆ ಹೋಗಲೇಬೇಕು, ಅಲ್ವಾ?

ಬ್ರಾಕೆಟ್ಟನ್ನು 7 ಇಂಚಿನ ವಿ ಆಕಾರಕ್ಕೆ ಬದಲಿಸಿ, ತೊಗಟೆ ಹಿಡಿಯಲು ಮೊಂಡು ಹಲ್ಲು ಕೊಟ್ಟೆ. ಹಲ್ಲು ಚೂಪಾಗಿಸಲಿಲ್ಲ, ಯಾಕೆಂದರೆ ಇಲ್ಲಿ ಸರ್ಕಾರಿ ಕಾಡಿನ ಮರಕ್ಕೆ ಮೊಳೆ, ಸ್ಕ್ರೂ ಚುಚ್ಚುವ ಹಾಗಿಲ್ಲ. ಆದರೂ ಒಂದು ತಾಸು ಕೂತ ಮೇಲೆ ಏನೋ ಸಡಿಲ ಅನ್ನಿಸುತ್ತಿತ್ತು. ಬಹಳ ಬೇಜಾರಾಯಿತು. ಎರಡು ವಾರ ಸಂಜೆಯೆಲ್ಲ ಹಿತ್ತಲಿನ ಮೇಪಲ್ ಮರಕ್ಕೆ ಒಂದಡಿ ಎತ್ತರದಲ್ಲಿ ಕಟ್ಟಿ, ಅಂಚಿನಲ್ಲಿ ನಿಂತು, ಕುಣಿದು ನೋಡಿದೆ. ಏನೂ ಆಗಲಿಲ್ಲ. ಒಂದು ದಿನ ಮಳೆಯಲ್ಲೇ ಕಟ್ಟಿದೆ, ಆಗ ಸಿಕ್ಕಿಬಿತ್ತು. ಪಟ್ಟಿ ನೈಲಾನಿನದು! ನೈಲಾನ್ ನೀರು ಕುಡಿದರೆ ಹಿಗ್ಗುತ್ತದೆ. ಒಣಗಿದ್ದಾಗ ಕಲ್ಲಿನಂತೆ ಬಿಗಿ, ಇಬ್ಬನಿ ಬಿದ್ದರೆ ಸಡಿಲ. ಪಾಲಿಯೆಸ್ಟರ್ ಪಟ್ಟಿ ಹಾಕಿದೆ. ಕೆಲವೇ ಡಾಲರ್‌ನ ಸಾಮಾನು. ಅಲ್ಲಿಂದ ಈಚೆಗೆ ಇದು ನನ್ನ ಕಣ್ಣಿಗೆ ಬೇರೆಯದೇ ವಸ್ತು.

ಈಗ ಇದನ್ನು ಕಟ್ಟುವುದೇ ಒಂದು ಖುಷಿ. ಬೆಳಗಿನ ನಾಲ್ಕೂವರೆಗೆ ಫಿಲ್ಟರ್ ಕಾಫಿ, ಐದಕ್ಕೆ ಕಾಡಿನ ಅಂಚು. ತಲೆಗೆ ಕಟ್ಟಿದ ಕೆಂಪು ದೀಪದ ಬೆಳಕಲ್ಲಿ ಸ್ಟಿಕ್ ಹತ್ತಿ, ಟೆದರ್ ಹಾಕಿ, ಆಮೇಲೆ ಬೆನ್ನಿನಿಂದ ಪ್ಲಾಟ್‌ಫಾರ್ಮ್ ತೆಗೆಯುತ್ತೇನೆ. ಹಲಗೆಯ ಮೂತಿ, ಅಂದರೆ ಮುಂದಿನ ತುದಿ, ಸ್ವಲ್ಪ ಮೇಲಕ್ಕೆತ್ತಿ ಮರಕ್ಕಾನಿಸಿ, ಪಟ್ಟಿಯನ್ನು ಬಕಲ್‌ನಲ್ಲಿ ಎಳೆಯುತ್ತೇನೆ. ಒಂದು ಸಲ, ಉಸಿರು ಬಿಟ್ಟು ಇನ್ನೊಂದು ಸಲ. ನಂತರ ಹಿಮ್ಮಡಿಯಿಂದ ಮೂತಿಯನ್ನು ನಿಧಾನಕ್ಕೆ ಕೆಳಗೆ ತುಳಿಯಬೇಕು. ಕೆಳಗಿನ ಬ್ರಾಕೆಟ್ ತೊಗಟೆಗೆ ಕಚ್ಚುವಾಗ 'ಗುಮ್' ಅಂತ ಸಣ್ಣ ಸದ್ದು, ಅದು ಕಾಲಿಗೆ ಗೊತ್ತಾಗುತ್ತದೆ. ಆಗ ಹಲಗೆ ಸಮತಲಕ್ಕೆ ಬಂದು ಪಟ್ಟಿ ಇನ್ನಷ್ಟು ಬಿಗಿಯುತ್ತದೆ. ಆಮೇಲೆ ಎಡ ಅಂಚು, ಬಲ ಅಂಚು, ಮೂತಿ, ಮೂರೂ ಕಡೆ ಭಾರ ಹಾಕಿ ನೋಡದೆ ನಾನು ಬಿಲ್ಲು ಮೇಲೆಳೆಯುವುದಿಲ್ಲ.

ಅಜ್ಜನ ತೋಟದಲ್ಲಿ ಅಡಿಕೆ ಕೊಯ್ಯಲು ಬರುತ್ತಿದ್ದ ಕೊನೆಗಾರನ ನೆನಪಾಗುತ್ತದೆ. ಕಾಲಿಗೆ ತಳೆ ಹಾಕಿ ಸರಸರ ಹತ್ತಿ, ಮಣೆ ಕಟ್ಟಿ, ಹಗ್ಗವನ್ನು ಎರಡು ಸಲ ಜಗ್ಗಿಯೇ ಕೂರುತ್ತಿದ್ದ. ಎಷ್ಟೇ ಅವಸರವಿದ್ದರೂ ಆ ಎರಡು ಜಗ್ಗು ತಪ್ಪುತ್ತಿರಲಿಲ್ಲ. (ಊರಲ್ಲಿ ಓದುತ್ತಿರುವವರಿಗೆ: ಅಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ಅಪರಾಧ. ಇಲ್ಲಿ ಲೈಸೆನ್ಸ್, ಸೀಸನ್ ಎಲ್ಲ ಇದೆ.)

ಕೊರತೆಗಳೂ ಇವೆ. ತೂಕ 2.4 ಕೆಜಿ, ಅಂಗಡಿಯ ಒಳ್ಳೆಯದಕ್ಕಿಂತ ಜಾಸ್ತಿ. ಎರಡು ಮೈಲಿ ನಡೆಯುವ ದಿನ ಹೆಗಲಿಗೆ ಗೊತ್ತಾಗುತ್ತದೆ. ಸ್ಯಾಡಲ್‌ನಲ್ಲಿ ಕೂತಾಗ ಭಾರವೆಲ್ಲ ಹಗ್ಗಕ್ಕೆ ಹೋಗುತ್ತದೆ, ಹಲಗೆ ಹಗುರಾಗುತ್ತದೆ. ಹಾಗಾಗಿ ತಾಸಿಗೊಮ್ಮೆ ಮತ್ತೆ ಹಿಮ್ಮಡಿ ಒತ್ತಬೇಕು. ಬೀಚ್ ಮರದ ನುಣುಪು ತೊಗಟೆಯ ಮೇಲೆ ಹಿಮ ಕಟ್ಟಿದ್ದರೆ ನಾನು ಕಟ್ಟುವುದೇ ಇಲ್ಲ. ಶಾಗ್‌ಬಾರ್ಕ್ ಹಿಕರಿಯೂ ಬೇಡ, ಅದರ ತೊಗಟೆ ಹಾಳೆಯಂತೆ ಕಿತ್ತು ಬರುತ್ತದೆ. ಓಕ್, ಮೇಪಲ್ ಸಿಕ್ಕರೆ ನಿಶ್ಚಿಂತೆ.

ಕಳೆದ ಸೀಸನ್ನಿನ ನವೆಂಬರ್‌ನಲ್ಲಿ ಮತ್ತೆ ಬಲಗಡೆ ಹಿಂದಿನಿಂದಲೇ ಒಂದು ಗಂಡು ಜಿಂಕೆ ಬಂತು. ಅದೇ ಬಲಗಾಲು, ಅದೇ ಅಂಚು. ಹಲಗೆ ಅಲುಗಲಿಲ್ಲ, ಕಿರ್ ಅನ್ನಲೂ ಇಲ್ಲ. 22 ಗಜದಿಂದ ಬಾಣ ಬಿಟ್ಟೆ. ಆ ಚಳಿಗಾಲವೆಲ್ಲ ಮನೆಯಲ್ಲಿ ಅದರದೇ ಸಾರು.

ಪಟ್ಟಿ ಬಿಸಿಲಿಗೆ ಸವೆಯುತ್ತದೆ, ಎರಡು ಸೀಸನ್‌ಗೊಮ್ಮೆ ಬದಲಿಸುತ್ತೇನೆ. ಹೊಸದು ನಿನ್ನೆ ಬಂತು. ಅದರ ತುದಿಯಲ್ಲಿ ಮಾರ್ಕರ್‌ನಿಂದ ಇವತ್ತಿನ ತಾರೀಖು ಬರೆದು, ಹಿತ್ತಲಿನ ಮೇಪಲ್‌ಗೆ ಕಟ್ಟಿ ಬಂದೆ. ಇವತ್ತು ರಾತ್ರಿ ಮಳೆ ಇದೆಯಂತೆ.