ಐದನೇ ತಿಂಗಳಲ್ಲಿ ಮಗು ಕಳೆದುಕೊಂಡವರಿಗೆ: ಜಯನಗರದ ಈ ಹೈ ರಿಸ್ಕ್ ಕ್ಲಿನಿಕ್ ಹೇಗಿದೆ

ಈ ಕ್ಲಿನಿಕ್‌ಗೆ ನಾನು ಹೋದದ್ದು ಬಸುರಿಯಾಗಿದ್ದಾಗ ಅಲ್ಲ. 19ನೇ ವಾರದಲ್ಲಿ ಮಗು ಹೋದ ಮೇಲೆ, ಯಾಕೆ ಹೋಯ್ತು ಅಂತ ತಿಳಿದುಕೊಳ್ಳೋಕೆ. ಜಯನಗರ ಮೆಟ್ರೋ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಮುಂದಿನ ಬಸಿರಿಗೆ ಮುಂಚೆ ಬಂದು ಮಾತಾಡುವವರಿಗೆ ಇಲ್ಲಿ ಬೇರೆ, ದೊಡ್ಡ ಅಪಾಯಿಂಟ್‌ಮೆಂಟ್ ಇದೆ. ಫೋನ್ ಮಾಡುವಾಗ ಅದನ್ನೇ ಕೇಳಿ ತಗೊಳ್ಳಿ. ಮಾಮೂಲಿ ಸ್ಲಾಟ್‌ನಲ್ಲಿ ಇಷ್ಟೆಲ್ಲ ಮಾತಾಡೋಕೆ ಆಗಲ್ಲ.

ಮಗು ಹೋದ ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ್ದು ಒಂದೇ ಮಾತು. 'ಒಂದೊಂದು ಸಲ ಹೀಗಾಗುತ್ತೆ, ವಯಸ್ಸಿದೆ, ಸ್ವಲ್ಪ ದಿನ ಬಿಟ್ಟು ಟ್ರೈ ಮಾಡಿ.' ಮನೆಯಲ್ಲಿ ಬೇರೆ ಬೇರೆ ಕಾರಣ ಹೇಳಿದರು. ಅತ್ತೆ ಪ್ರಕಾರ ನಾನು ತಿಂದ ಪಪ್ಪಾಯಿ ಹಣ್ಣು. ಅಮ್ಮನ ಪ್ರಕಾರ ಸಿಲ್ಕ್ ಬೋರ್ಡ್ ಕಡೆ ದಿನಾ ಆಟೋದಲ್ಲಿ ಕುಲುಕಾಡಿಕೊಂಡು ಹೋಗಿದ್ದು. ಪಕ್ಕದ ಮನೆಯವರ ಪ್ರಕಾರ ದೃಷ್ಟಿ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆದರೆ ಯಾವ ಕಾರಣ ತಗೊಂಡರೂ ಕೊನೆಗೆ ತಪ್ಪು ನಂದೇ ಆಗುತ್ತಿತ್ತು.

ಇಲ್ಲಿನ ಡಾಕ್ಟ್ರು ಫೈಲ್ ತೆರೆಯುವ ಮುಂಚೆ ನನ್ನನ್ನೇ ಕೇಳಿದರು. 'ಮೊದಲು ಏನಾಯ್ತು ಹೇಳಮ್ಮ. ನೋವು ಬಂತಾ, ನೀರು ಹೋಯ್ತಾ, ರಕ್ತ ಕಾಣಿಸ್ತಾ, ಜ್ವರ ಇತ್ತಾ?' ಯಾವುದು ಮೊದಲು ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತದಂತೆ. ಮೊದಲೇ ಮಗುವಿನ ಹೃದಯ ಬಡಿತ ನಿಂತಿದ್ದರೆ ಕ್ರೋಮೋಸೋಮ್ ತೊಂದರೆ, ಮಾಸಿನ ತೊಂದರೆ, ರಕ್ತ ಹೆಪ್ಪುಗಟ್ಟುವ ಆ್ಯಂಟಿ ಫಾಸ್ಫೋಲಿಪಿಡ್ ಸಮಸ್ಯೆ, ಈ ಕಡೆ ಹುಡುಕಬೇಕು. ಜ್ವರ, ವಾಸನೆ ಬರುವ ಬಿಳಿ ಸ್ರಾವ ಇದ್ದರೆ ಸೋಂಕು. ನನ್ನ ಹಾಗೆ ಜಾಸ್ತಿ ನೋವಿಲ್ಲದೆ, ಬರೀ ಕೆಳಗೆ ಒತ್ತಿದ ಹಾಗೆ ಆಗಿ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಗರ್ಭಕೋಶದ ಬಾಯಿ ತೆರೆದುಬಿಟ್ಟಿದ್ದರೆ ಆ ಬಾಯಿಯ ಬಲ ಕಡಿಮೆ ಇರಬಹುದು. ಬಸುರಿಯಾಗಿದ್ದಾಗ ಅಷ್ಟು ಡಾಕ್ಟರ್ ನೋಡಿದ್ದರೂ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಆಮೇಲೆ ಪ್ರಿಸ್ಕ್ರಿಪ್ಷನ್ ಹಾಳೆ ತಿರುಗಿಸಿ ಚಿತ್ರ ಬರೆದರು. ಬಾಯಿ ಒಳಗಿನಿಂದ ತೆರೆದುಕೊಳ್ಳುತ್ತಾ ಬರುವುದನ್ನು ಟಿ, ವೈ, ವಿ, ಯು ಅಂತ ನಾಲ್ಕು ಇಂಗ್ಲಿಷ್ ಅಕ್ಷರಗಳ ಆಕಾರದಲ್ಲೇ ತೋರಿಸಿದರು. ಹೊರಗಿನಿಂದ ನೋಡಿದರೆ ಮುಚ್ಚಿಕೊಂಡೇ ಇರುತ್ತೆ, ಒಳಗೆ ಆಗಲೇ ಯು ಆಗಿರುತ್ತೆ. ಹೊಟ್ಟೆ ಮೇಲಿನ ಸ್ಕ್ಯಾನ್‌ನಲ್ಲಿ ಇದು ಸರಿಯಾಗಿ ಕಾಣದೆ ಹೋಗಬಹುದು, ಕೆಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಅಳೆಯಬೇಕು. 24 ವಾರದೊಳಗೆ ಉದ್ದ 25 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ಗಿಡ್ಡ ಅಂತ ಲೆಕ್ಕ.

ಈ ಬಾಯಿಗೆ ಹಾಕುವ ಹೊಲಿಗೆ ನಮ್ಮ ದೇಶದ್ದೇ ಅಂತ ನನಗೆ ಗೊತ್ತಿರಲಿಲ್ಲ. 1955ರಲ್ಲಿ ಮುಂಬೈನ ಡಾ. ವಿ. ಎನ್. ಶಿರೋಡ್ಕರ್ ಇದನ್ನು ಪ್ರಕಟಿಸಿದರು, 1957ರಲ್ಲಿ ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ ಇನ್ನೂ ಸರಳವಾದ ವಿಧಾನ ತಂದರು. ಈಗಲೂ ಇವೆರಡೇ ಹೆಸರು ಓಡುತ್ತಿವೆ. ಮತ್ತೆ ಮತ್ತೆ ಹೀಗೆ ಹೋಗಿದ್ದರೆ 12ರಿಂದ 14 ವಾರದ ಹೊತ್ತಿಗೇ ಹೊಲಿಗೆ ಹಾಕುತ್ತಾರೆ. ನನಗೆ ಹೇಳಿದ ಪ್ಲಾನ್ ಬೇರೆ. 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಅಳತೆ, ಜೊತೆಗೆ ಬಸಿರು ನಿಲ್ಲೋಕೆ ಕೊಡುವ ಪ್ರೊಜೆಸ್ಟರಾನ್ ಹಾರ್ಮೋನ್, ಗಿಡ್ಡ ಆಗುತ್ತಿದೆ ಅನ್ನಿಸಿದರೆ ಹೊಲಿಗೆ. ತಿಂಗಳುಗಟ್ಟಲೆ ಮಲಗಿಕೊಂಡೇ ಇರಬೇಕಾ ಅಂತ ಗಂಡ ಕೇಳಿದರು. ಅದರಿಂದ ಬಸಿರು ಉಳಿಯುತ್ತೆ ಅನ್ನೋಕೆ ಆಧಾರ ಇಲ್ಲ ಅಂದರು ಡಾಕ್ಟ್ರು. ಪಪ್ಪಾಯಿ ಹಣ್ಣಿನ ಹೋಳು, ಆಟೋ, ಮೆಟ್ಟಿಲು ಯಾವುದೂ ಕಾರಣ ಅಲ್ಲ ಅಂತ ಅತ್ತೆಯ ಎದುರೇ ಹೇಳಿದರು. ಅತ್ತೆ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡರು. ಈ ಒಂದಕ್ಕೇ ನಾನು ಆ ಡಾಕ್ಟ್ರಿಗೆ ಋಣಿ.

ಟೆಸ್ಟ್ ವಿಷಯದಲ್ಲೂ ನಂಬಿಕೆ ಬಂತು. ಹಿಂದಿನವರು ಬರೆದಿದ್ದ, ಕೆಲವು ಸೋಂಕು ಇದೆಯಾ ಅಂತ ನೋಡುವ ಟಾರ್ಚ್ ಟೆಸ್ಟನ್ನು ಹೊಡೆದು ಹಾಕಿ, ಇದರಿಂದ ಉಪಯೋಗ ಇಲ್ಲ, ದುಡ್ಡು ಉಳಿಸಿಕೊಳ್ಳಿ ಅಂದರು. ಬರೆದಿದ್ದು ಥೈರಾಯ್ಡ್, ಸಕ್ಕರೆ, ಆ್ಯಂಟಿ ಫಾಸ್ಫೋಲಿಪಿಡ್, ಮತ್ತೆ ಗರ್ಭಕೋಶದ ಒಳಗೆ ಅಡ್ಡ ಗೋಡೆ ಇದೆಯಾ ಅಂತ ನೋಡುವ ತ್ರೀ ಡಿ ಸ್ಕ್ಯಾನ್, ಅಷ್ಟೇ. ಆ್ಯಂಟಿ ಫಾಸ್ಫೋಲಿಪಿಡ್ ಒಂದು ಸಲ ಪಾಸಿಟಿವ್ ಬಂದರೆ ಹೆದರಬೇಡಿ, 12 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿದ ಮೇಲೇ ಖಚಿತ ಆಗೋದು. ಖಚಿತ ಆದರೂ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಆಸ್ಪಿರಿನ್, ಹೆಪಾರಿನ್ ಇದೆ. ಎಲ್ಲ ಹುಡುಕಿದ ಮೇಲೂ ಎಷ್ಟೋ ಜನಕ್ಕೆ ಕಾರಣ ಸಿಗೋದೇ ಇಲ್ಲ ಅನ್ನೋದನ್ನೂ ಮುಚ್ಚಿಡಲಿಲ್ಲ.

ನನ್ನ ವಿಷಯದಲ್ಲಿ ಅವರಿಗೆ ಕೈ ಕಟ್ಟಿದ ಹಾಗೆ ಆಗಿದ್ದು ಒಂದು ಕಡೆ. ಮಾಸನ್ನು ಆ ಆಸ್ಪತ್ರೆಯವರು ಪರೀಕ್ಷೆಗೆ ಕಳಿಸಿಯೇ ಇರಲಿಲ್ಲ, ನಮ್ಮನ್ನು ಕೇಳಲೂ ಇಲ್ಲ. ಮಾಸನ್ನು ಕೆಡದ ಹಾಗೆ ಇಡುವ ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಿದರೆ ಸೋಂಕು ಇತ್ತಾ ಅಂತ ಹೇಳಬಹುದು. ಕ್ರೋಮೋಸೋಮ್ ನೋಡಬೇಕಾದರೆ ಫಾರ್ಮಲಿನ್ ಬೇಡ, ಸಲೈನ್‌ನಲ್ಲಿ ಬೇರೆ ತುಂಡು ಬೇಕು. ಆ ಹೊತ್ತಲ್ಲಿ ತಾಯಿಗೆ ಇದೆಲ್ಲ ತಲೆಗೆ ಹೋಗೋದಿಲ್ಲ, ಜೊತೆಯಲ್ಲಿರುವ ಅಕ್ಕ, ಗಂಡ, ಯಾರಾದರೂ ಕೇಳಬೇಕು. ಡಿಸ್ಚಾರ್ಜ್ ಸಮ್ಮರಿ, ಎಲ್ಲ ಸ್ಕ್ಯಾನ್ ರಿಪೋರ್ಟ್, ಮುಂಚೆ ಡಿ ಅಂಡ್ ಸಿ (ಗರ್ಭಕೋಶ ಕ್ಲೀನ್ ಮಾಡುವುದು) ಅಥವಾ ಗರ್ಭಕೋಶದ ಬಾಯಿಗೆ ಆಪರೇಷನ್ ಆಗಿದ್ದರೆ ಅದರ ಕಾಗದ ಎಲ್ಲ ತಗೊಂಡು ಹೋಗಿ, ಅವರು ಒಂದೊಂದನ್ನೂ ಓದುತ್ತಾರೆ.

ಇನ್ನೊಂದು ಅಲ್ಲೇ ಗೊತ್ತಾಗಿದ್ದು. 26 ವಾರದೊಳಗೆ ಮಗು ಹೋದರೂ ಆರು ವಾರ ಸಂಬಳದ ರಜೆ ಕಾನೂನಿನಲ್ಲೇ ಇದೆ. ನನ್ನ ಆಫೀಸಿನಲ್ಲಿ ಸಿಕ್ ಲೀವ್ ಹಾಕಿಸಿದ್ದರು. ಕ್ಲಿನಿಕ್ಕಿನ ಕೌನ್ಸೆಲರ್ ಸರ್ಟಿಫಿಕೇಟ್‌ನಲ್ಲಿ ಎಷ್ಟನೇ ವಾರದಲ್ಲಿ ಮಗು ಹೋಯ್ತು ಅನ್ನೋದನ್ನು ಬರೆಸಿಕೊಳ್ಳಿ ಅಂತ ಹೇಳಿಕೊಟ್ಟರು.

ಕೊರತೆ ಇಲ್ಲ ಅಂತಲ್ಲ. ಫೀಸ್ ಜಾಸ್ತಿ, ತ್ರೀ ಡಿ ಸ್ಕ್ಯಾನ್ ಬೇರೆ ಬಿಲ್. ಕೈಯಲ್ಲಿ ದುಡ್ಡಿಲ್ಲ ಅಂದರೆ ವಾಣಿ ವಿಲಾಸದಂಥ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲೂ ಹೊಲಿಗೆ ಹಾಕುತ್ತಾರೆ, ರಶ್ ಇರುತ್ತೆ, ಬೇಗ ಹೋಗಬೇಕು. ನನಗೆ ನಿಜವಾಗಿ ಕಷ್ಟ ಆಗಿದ್ದು ಇಲ್ಲಿನ ಕಾಯುವ ಜಾಗ. ಏಳು ತಿಂಗಳು ತುಂಬಿದವರ ಪಕ್ಕದಲ್ಲೇ ನಾವೂ ಕೂರಬೇಕು, ಎದುರಿನ ಟಿವಿಯಲ್ಲಿ ಹಸುಗೂಸುಗಳ ಜಾಹೀರಾತು. ರಿಸೆಪ್ಷನ್‌ನಲ್ಲಿ ಹೇಳಿದರೆ ಕೌನ್ಸೆಲರ್ ರೂಮಿನಲ್ಲಿ ಕೂರಿಸುತ್ತಾರೆ, ಆದರೆ ನಾವೇ ಬಾಯಿ ಬಿಟ್ಟು ಕೇಳಬೇಕು. ಅದನ್ನು ಅವರೇ ಮೊದಲು ಕೇಳುವ ಹಾಗೆ ಆಗಬೇಕು, ಬರೆದೂ ಕೊಟ್ಟು ಬಂದಿದ್ದೇನೆ. ಶನಿವಾರ ತುಂಬಾ ಜನ, ವಾರದ ಮಧ್ಯೆ ಮಧ್ಯಾಹ್ನ ಸಲೀಸು.