ರೋಬೋ ನಾಯಿಮರಿ ಮತ್ತು ಕಿನ್ನಾಳದ ಎತ್ತಿನ ಜೋಡಿ: ಆರು ವಾರಗಳ ಬಳಕೆಯ ನಂತರ

ನಮ್ಮ ಮೊಮ್ಮಗಳಿಗೆ ನಾಲ್ಕೂವರೆ ವರ್ಷ. ಈ ಸಲದ ಗವಿಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಅವಳಿಗಾಗಿ ಎರಡು ಆಟಿಕೆಗಳನ್ನು ತಂದೆವು. ಒಂದು, ಕೊಪ್ಪಳದ ಅಂಗಡಿಯೊಂದರಲ್ಲಿ 1,450 ರೂಪಾಯಿಗೆ ಕೊಂಡ, ನಡೆಯುವ, ಬೊಗಳುವ, ಮಾತಿಗೆ ಓಗೊಡುವ ರೋಬೋ ನಾಯಿಮರಿ. ಇನ್ನೊಂದು, ಸುಮಾರು 12 ಕಿಲೋಮೀಟರ್ ದೂರದ ಕಿನ್ನಾಳಕ್ಕೆ ಹೋಗಿ ಮರದ ಬೊಂಬೆ ಮಾಡುವ ಚಿತ್ರಗಾರರ ಮನೆಯಲ್ಲೇ 700 ರೂಪಾಯಿಗೆ ತಂದ ಮರದ ಎತ್ತಿನ ಜೋಡಿ. ಅವಳೂ ಪಕ್ಕದ ಮನೆಯ ಇಬ್ಬರು ಮಕ್ಕಳೂ ಇವುಗಳೊಡನೆ ಆಡುವುದನ್ನು ಆರು ವಾರ ಹತ್ತಿರದಿಂದ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರ ನಾಯಿಮರಿಯದೇ ದರ್ಬಾರು. ಅದು ಬಾಲ ಅಲ್ಲಾಡಿಸಿದಾಗ ಮೂವರೂ ಹಿಂದೆ ಸರಿಯುವರು, ಮತ್ತೆ ಮೆಲ್ಲನೆ ಬಂದು ಮುಟ್ಟುವರು, ಹೊಟ್ಟೆಯಡಿ ಬಗ್ಗಿ ನೋಡುವರು, ಚೆಂಡನ್ನು ಮುಂದೆ ಉರುಳಿಸಿ ಅದು ತಂದುಕೊಡುವುದೇನೋ ಎಂದು ಕಾಯುವರು. ಯಾರೊಡನೆಯೂ ಬೇಗ ಬೆರೆಯದ ಪಕ್ಕದ ಮನೆಯ ಹುಡುಗ ಈ ನಾಯಿಯ ನೆಪದಲ್ಲಿಯೇ ಉಳಿದಿಬ್ಬರ ಜೊತೆ ಮಾತಿಗಿಳಿದನು. ಇದನ್ನು ನಾನು ಆ ಆಟಿಕೆಯ ದೊಡ್ಡ ಗುಣವೆಂದೇ ಎಣಿಸುತ್ತೇನೆ. ಆದರೆ ಅದಕ್ಕೆ ತಿಳಿಯುವುದು ಇಂಗ್ಲಿಷಿನ ಆರು ಆಜ್ಞೆಗಳು ಮಾತ್ರ. ಮೊಮ್ಮಗಳು “ಕುಂದ್ರು, ಕುಂದ್ರು” ಎಂದು ಹತ್ತು ಸಲ ಹೇಳಿದರೂ ಅದು ಕೂರಲಿಲ್ಲ. ಕೊನೆಗೆ ಅವಳೇ ‘ಸಿಟ್’ ಎನ್ನುವುದನ್ನು ಕಲಿತಳು. ಆರೂ ಆಜ್ಞೆಗಳು ಬಾಯಿಪಾಠವಾದ ಮೇಲೆ ಆಟ ಮುಂದಕ್ಕೆ ಬೆಳೆಯಲಿಲ್ಲ.

ಎತ್ತುಗಳ ಕಥೆ ಬೇರೆ. ಎರಡು ದಿನ ಅವು ಮೂಲೆಯಲ್ಲಿದ್ದವು. ಮೂರನೆಯ ದಿನ ಬೆಂಕಿಪೊಟ್ಟಣವೊಂದು ಬಂಡಿಯಾಯಿತು, ಹೊಲಿಗೆಯ ದಾರ ಮಿಣಿಯಾಯಿತು, ಅಡುಗೆಮನೆಯ ಜೋಳದ ಕಾಳು ಮೇವಾಯಿತು. “ಅದಕ್ಕ ನೀರಡಿಕಿ ಆಗೈತಿ, ತಡಿ” ಎಂದು ಅವಳು ಬಂಡಿ ನಿಲ್ಲಿಸಿ ನೀರು ಕುಡಿಸಿದಳು. ಮಣ್ಣೆತ್ತಿನ ಅಮಾವಾಸ್ಯೆಯಂದು ಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುವುದನ್ನು ಕಂಡಿದ್ದ ಅವಳು ಇವಕ್ಕೂ ಕುಂಕುಮವಿಟ್ಟಳು. ಅದೇ ಕೈಯಿಂದ ಮರುಗಳಿಗೆಯಲ್ಲಿ ಹೊಡೆದು, ಬೈದು, ನೆಲಕ್ಕೆ ಬಡಿದದ್ದೂ ಉಂಟು. ನಾಯಿಮರಿಗೆ ಮಾತ್ರ ಅವಳು ಒಮ್ಮೆಯೂ ಹೊಡೆಯಲಿಲ್ಲ.

ಇದು ನಮ್ಮ ಮನೆಯ ಮಕ್ಕಳ ವಿಶೇಷವೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಕಾನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಸೇರುವ ಮುಂಚಿನ ವಯಸ್ಸಿನ 80 ಮಕ್ಕಳಿಗೆ ಸೋನಿ ಕಂಪನಿಯ ಐಬೋ ರೋಬೋ ನಾಯಿಯನ್ನೂ ಬಟ್ಟೆಯ ಬೊಂಬೆ ನಾಯಿಯನ್ನೂ ಕೊಟ್ಟು ನೋಡಿದ್ದರು. ಮಕ್ಕಳು ರೋಬೋವನ್ನು ಹೆಚ್ಚು ಪರೀಕ್ಷಿಸಿದರು, ಅದಕ್ಕೆ ಹೆಚ್ಚು ಅಂಜಿದರು, ಅದರಿಂದ ಪ್ರತಿಕ್ರಿಯೆ ಪಡೆಯಲು ಹೆಚ್ಚು ಯತ್ನಿಸಿದರು. ಬೊಂಬೆಯನ್ನು ಹೆಚ್ಚು ಒರಟಾಗಿ ನಡೆಸಿಕೊಂಡರು, ಆದರೆ ತಾವೇ ಅದನ್ನು ನಡೆಸಿ, ಆಡಿಸಿ ಜೀವ ತುಂಬಿದ್ದೂ ಆ ಬೊಂಬೆಗೇ ಹೆಚ್ಚು. ನಮ್ಮ ಪಡಸಾಲೆಯಲ್ಲಿ ನಾನು ಕಂಡದ್ದೂ ಇದನ್ನೇ. ತಾನಾಗಿ ಚಲಿಸುವ ಆಟಿಕೆಯ ಮುಂದೆ ಮಗು ಉತ್ತರಕ್ಕಾಗಿ ಕಾಯುತ್ತದೆ. ಸುಮ್ಮನಿರುವ ಆಟಿಕೆಗೆ ಮಾತನ್ನೂ ಹಸಿವನ್ನೂ ಮಗುವೇ ಕೊಡಬೇಕಾಗುತ್ತದೆ. ಈ ವಯಸ್ಸಿನಲ್ಲಿ ಎರಡನೆಯದೇ ಹೆಚ್ಚು ಬೇಕೆಂಬುದು ನನ್ನ ಅಭಿಪ್ರಾಯ.

ಸುರಕ್ಷತೆಯ ವಿಷಯದಲ್ಲಿ ನನಗೆ ನಾಯಿಮರಿಯ ಬಗ್ಗೆ ಗಂಭೀರ ಆಕ್ಷೇಪವಿದೆ. ಅದರ ರಿಮೋಟಿನಲ್ಲಿ ಗುಂಡಿಯಾಕಾರದ ಬ್ಯಾಟರಿ ಇದ್ದು, ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಿನಿಂದಲೇ ತೆರೆಯುತ್ತದೆ. ಇಂಥ ಬ್ಯಾಟರಿಯನ್ನು ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರ ಸುಟ್ಟಗಾಯವಾಗಬಹುದು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದರೂ ಈ ಪೆಟ್ಟಿಗೆಯ ಮೇಲೆ ಅದು ಕಾಣಲಿಲ್ಲ, ಮತ್ತು ಕೊಳ್ಳುವಾಗ ನಾನು ಅದನ್ನು ಹುಡುಕಲಿಲ್ಲ. ರಿಮೋಟನ್ನು ಈಗ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇವೆ. ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೆ ಆ ನಿಯಮದಿಂದ ವಿನಾಯಿತಿ ಇರುವುದರಿಂದ, ಕಿನ್ನಾಳದಲ್ಲಿ ಕೊಳ್ಳುವವರು ಬಣ್ಣ ಯಾವುದೆಂದು ತಾವೇ ಕೇಳಿ ತಿಳಿಯಬೇಕು. ಅಲ್ಲಿನ ಬೊಂಬೆಗಳಲ್ಲಿ ಹೆಚ್ಚಿನವು ಪೂಜೆಗೆ ಅಥವಾ ಅಲಂಕಾರಕ್ಕೆಂದು ಮಾಡಿದವು. ಎಲ್ಲವನ್ನೂ ಬಾಯಿಗಿಡುವ ಕೂಸುಗಳಿಗೆ ನಾನು ಅವನ್ನು ಕೊಡಲಾರೆ.

ಐದನೆಯ ವಾರ ನಾಯಿಮರಿಯ ಹಿಂಗಾಲು ತಿರುಗದಾಯಿತು. ಬಿಡಿಭಾಗ ಬರುವುದಿಲ್ಲವೆಂದು ಅಂಗಡಿಯವರು ಹೇಳಿದರು. ಅದೇ ವಾರ ಒಂದು ಎತ್ತಿನ ಕೋಡೂ ಮುರಿಯಿತು. ಕಿನ್ನಾಳದ ಬೊಂಬೆಯ ಬಿಡಿ ಭಾಗಗಳನ್ನು ಕೂಡಿಸುವುದು ಹುಣಸೆಬೀಜದ ಅಂಟಿನಿಂದ. ಆದ್ದರಿಂದ ಮನೆಯವರು ಹುಣಸೆಬೀಜ ನೆನೆಸಿ, ಅರೆದು, ಕುದಿಸಿ, ಮರದ ಪುಡಿ ಬೆರೆಸಿ ಕೋಡನ್ನು ಅಂಟಿಸಿದರು. ಅದು ಒಣಗುವವರೆಗೆ, ಎರಡು ದಿನ, ಮೊಮ್ಮಗಳು ಆ ಎತ್ತಿಗೆ ಬಂಡಿ ಕಟ್ಟಲಿಲ್ಲ.